ಅಂಗೈಯಲ್ಲಿ ಡಸ್ಟರು

ಮೊದಲು ಎಚ್ಚರವಾದದ್ದು ಅವಳ ಕೈಗೆ. ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಬಲಗೈ ಮಾತ್ರ ದಿಂಬಿನ ಅಡಿಯನ್ನು ತಡಕಿ, ಅಲ್ಲಿಲ್ಲವೆಂದು ತಿಳಿದು, ಹೊದಿಕೆಯ ಮಡಿಕೆಗಳೊಳಗೆ ಇಳಿದು, ಮಗ್ಗುಲಲ್ಲಿ ಕೂಸು ಕಾಣದ ಬಾಣಂತಿಯ ಕೈಯಂತೆ ಗಾಬರಿಯಿಂದ ಓಡಾಡಿ, ಕೊನೆಗೆ ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಫೋನನ್ನು ಹಿಡಿದೆತ್ತಿತು. ಆಗ ಎದೆಯೊಳಗಿನ ಏನೋ ಒಂದು ತನ್ನ ಜಾಗಕ್ಕೆ ಬಂದು ಕೂತಿತು. ಆ ನೆಮ್ಮದಿಯ ಬೆನ್ನಿಗೇ ನಾಚಿಕೆ ಬಂತು. ನಾಚಿಕೆಯನ್ನು ಮರೆಯಲೆಂದು ಫೋನನ್ನು ತೆರೆದಳು. ರಾತ್ರಿ ಬಂದು ಬಿದ್ದ ಸಂದೇಶಗಳಲ್ಲಿ ಅವಳಿಗೆ ಬೇಕಾದದ್ದು ಒಂದೂ ಇರಲಿಲ್ಲ. ಯಾರದೋ ಮದುವೆಯ ಹಾರೈಕೆ, ಯಾರದೋ ಬೆಕ್ಕಿನ ಚಿತ್ರ, ಶಿಕ್ಷಕ ತರಬೇತಿಯ ಗುಂಪಿನಲ್ಲಿ ‘ನಾಳೆ ಯಾರ ಕುತ್ತಿಗೆ?’ ಎಂಬ ಪ್ರಶ್ನೆ, ಅದರ ಕೆಳಗೆ ಅವಳ ಹೆಸರು ಬರೆದು ನಕ್ಕ ಮುಖಗಳ ಸಾಲು. ಕುತ್ತಿಗೆ ಅವಳದೇ. ಇಂದು ಕೊನೆಯ ಅಭ್ಯಾಸ ಪಾಠ. ನಿಜವಾದ ಶಾಲೆಯಲ್ಲಿ, ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಕೂತ ಪ್ರಾಧ್ಯಾಪಕಿ ಅದನ್ನು ನೋಡಿ, ಇವಳನ್ನು ಶಿಕ್ಷಕಿಯೆಂದು ಹೊರಗೆ ಕಳಿಸಬಹುದೋ ಇನ್ನೊಂದು ವರ್ಷ ಇಲ್ಲೇ ಕೂರಿಸಬೇಕೋ ಎಂದು ತೀರ್ಮಾನಿಸುತ್ತಾರೆ.

“ಕಣ್ಣು ಬಿಡೋಕೆ ಮುಂಚೆ ಕೈ ಎದ್ದಿದೆಯಲ್ಲೇ ಮಹಾತಾಯಿ,” ಎಂದಳು ಹಾಸ್ಟೆಲಿನ ಎದುರು ಮಂಚದ ಗೆಳತಿ, ಕೂದಲ ಸಿಕ್ಕು ಬಿಡಿಸುತ್ತಾ. ಅದೇ ತರಬೇತಿಯವಳು. ದನಿ ಎಳೆಎಳೆಯಾಗಿ ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಗುವುದರಿಂದ ಎಲ್ಲರೂ ಅವಳನ್ನು ಪಿಟೀಲು ಎನ್ನುತ್ತಿದ್ದರು. “ಸ್ನಾನಕ್ಕೆ ಹೋಗ್ತೀಯಲ್ಲ, ಅದಕ್ಕೂ ಒಂದ್ಸಲ ಮುಖ ತೊಳಿಸಿ ಕರ್ಕೊಂಡು ಬಾ.”

“ಪಾಠದ ಯೋಜನೆ ಎಲ್ಲಾ ಇದರಲ್ಲೇ ಇರೋದು ಕಣೇ. ನೋಡ್ಕೋಬೇಡ್ವಾ?”

“ನೋಡ್ಕೋ, ನೋಡ್ಕೋ. ಮೊನ್ನೆ ದುರ್ಬೀನು ಕೇಳಿದ್ದು ಮರೀಬೇಡ ಅಷ್ಟೆ.”

ಮರೆಯುವುದುಂಟೆ? ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು, ಎಷ್ಟು ಉದ್ದದ ಕೋಣೆಯಾದರೂ ಕಟ್ಟಕಡೆಯ ಬೆಂಚನ್ನೇ ಹುಡುಕಿ ಕೂರುವ ಆ ಪ್ರಾಧ್ಯಾಪಕಿಗೆ ದುರ್ಬೀನು ಎಂದು ಹೆಸರಿಟ್ಟವರು ಯಾರೋ ಹಿಂದಿನ ತಂಡದವರು. ಹಿಂದಿನ ಪಾಠ ಮುಗಿದಾಗ ಮೇಡಂ ಬೇರೆಯವರಿಗೆ ಹೇಳಿದಂತೆ ಕಪ್ಪುಹಲಗೆಯ ಬಗ್ಗೆಯಾಗಲಿ ದನಿಯ ಬಗ್ಗೆಯಾಗಲಿ ಏನೂ ಹೇಳಿರಲಿಲ್ಲ. “ನಿಮ್ಮ ಕಣ್ಣು ಎಲ್ಲಿರುತ್ತಮ್ಮಾ?” ಎಂದಷ್ಟೇ ಕೇಳಿ, ಉತ್ತರಕ್ಕೆ ಕಾದು, ಉತ್ತರ ಬಾರದಿದ್ದಾಗ, “ನಾನು ಅಂಕ ಹಾಕೋಕೆ ಅಂತ ಬರೋದಲ್ಲ. ಆ ಮಕ್ಕಳನ್ನ ನಿಮ್ಮ ಕೈಗೆ ಕೊಡಬಹುದಾ ಅಂತ ನೋಡೋಕೆ ಬರ್ತೀನಿ. ಕೊನೇ ಪಾಠವೂ ಹೀಗೇ ಆದ್ರೆ ಮುಂದಿನ ವರ್ಷ ಮತ್ತೆ ಭೇಟಿ ಆಗೋಣ,” ಎಂದು ಎದ್ದುಹೋಗಿದ್ದರು. ಆ ದಿನವೆಲ್ಲ ಅವಳು ತನ್ನ ಕಣ್ಣನ್ನು ಕನ್ನಡಿಯಲ್ಲಿ ನೋಡಿಕೊಂಡಿದ್ದಳು. ಹಲಗೆಯ ಕಡೆ ಹೆಚ್ಚು ತಿರುಗಿರಬೇಕು, ಅದಕ್ಕೇ ಹೀಗಂದರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಮಕ್ಕಳಿಗೆ ಬೆನ್ನು ಹಾಕದೆ ಹಲಗೆಯ ಮೇಲೆ ಬರೆಯುವುದು ಹೇಗೆಂದು ತೋರಿಸುವ ವಿಡಿಯೋಗಳನ್ನು ನಿದ್ದೆ ಬರುವವರೆಗೂ ಒಂದಾದ ಮೇಲೊಂದು ನೋಡಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಅಂಗಡಿಗಳ ಬಾಗಿಲುಗಳು ಮೇಲೇರುತ್ತಿದ್ದವು. ಒಬ್ಬಾತ ಬಕೆಟ್ಟಿನಿಂದ ಕೈಯಲ್ಲೇ ನೀರು ಚಿಮುಕಿಸುತ್ತಾ ಅಂಗಡಿಯ ಮುಂದಿನ ಧೂಳನ್ನು ಕೂರಿಸುತ್ತಿದ್ದ. ಇದನ್ನೆಲ್ಲ ಅವಳು ನೋಡಲಿಲ್ಲ, ಪಿಟೀಲು ಆಮೇಲೆ ಹೇಳಿದ್ದು. ಅವಳು ಪಾಠದ ಯೋಜನೆಯನ್ನು ಓದುತ್ತಿದ್ದಳು. ಓದುವ ನಡುವೆ ಮೇಲಿನಿಂದ ಇಳಿಯುವ ಸಂದೇಶಗಳನ್ನು ಹೆಬ್ಬೆರಳಿನಿಂದ ಬದಿಗೆ ಸರಿಸುತ್ತಿದ್ದಳು. ಸರಿಸುವಾಗ ಒಂದನ್ನು ತೆರೆಯುತ್ತಿದ್ದಳು. ಅಷ್ಟರಲ್ಲಿ ಅಮ್ಮನ ಕರೆ ಬಂತು. ಅಮ್ಮ ಹೊಲಿಗೆಯವಳು. ಅಪ್ಪ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಯಂತ್ರ ಹಾಕಿಕೊಂಡು, ಬೀದಿಯ ಅರ್ಧ ಜನರ ಮೈಯಳತೆಯನ್ನು ಬಾಯಲ್ಲೇ ಹೇಳಬಲ್ಲಷ್ಟು ವರ್ಷ ದುಡಿದವಳು. ಇಂದು ಮಗಳು ತೊಟ್ಟಿರುವ ತಿಳಿನೀಲಿ ಉಡುಪು ಅವಳ ಕೈಯದೇ. ಕರೆಯನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿಗೆ ಬಿಟ್ಟು, ಕಣ್ಣನ್ನು ಪರದೆಯ ಮೇಲೆಯೇ ಇಟ್ಟು, ಅವಳು ಹ್ಞೂಂಗುಟ್ಟಿದಳು. ಅಮ್ಮ ತಿಂಡಿ ತಿಂದೆಯಾ ಎಂದಳು, ಹ್ಞೂಂ. ಉಡುಪು ತೋಳಿನಲ್ಲಿ ಹಿಡಿಯುವುದಿಲ್ಲ ತಾನೆ ಎಂದಳು, ಹ್ಞೂಂ, ಇಲ್ಲ. ಆಮೇಲೆ ಏನೋ ಹೇಳಿದಳು, ಎಂದಿಗಿಂತ ಸ್ವಲ್ಪ ಮೆಲ್ಲಗೆ. “ಒಳ್ಳೇದಾಯ್ತು ಬಿಡಮ್ಮ,” ಎಂದಳು ಮಗಳು. ಬಸ್ಸು ಒಂದು ತಿರುವು ದಾಟುವಷ್ಟು ಹೊತ್ತು ಅಮ್ಮನ ಕಡೆಯಿಂದ ಏನೂ ಕೇಳಿಸಲಿಲ್ಲ. “ಸರಿ ಕಣೇ. ಪಾಠ ಚೆನ್ನಾಗಿ ಮಾಡು,” ಎಂದು ಅಮ್ಮ ಕರೆ ಮುಗಿಸಿದಳು.

ತರಗತಿಯ ಕೋಣೆಗೆ ಸುಣ್ಣದ, ಪೆನ್ಸಿಲ್ ಹೆರೆದ ಹೊಟ್ಟಿನ, ಮಕ್ಕಳ ತಲೆಯೆಣ್ಣೆಯ ಒಂದು ಬೆರಕೆ ವಾಸನೆಯಿತ್ತು. ಕಳೆದ ಕೆಲವು ವಾರಗಳಿಂದ ಅವಳು ಇದೇ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಆದರೂ ಬಾಗಿಲಲ್ಲಿ ನಿಂತಾಗ ಎದುರಾದ ಮುಖಗಳನ್ನು ಎಲ್ಲೋ ಕಂಡ ನೆನಪಾಗುತ್ತಿತ್ತೇ ಹೊರತು ಯಾರು ಯಾವ ಬೆಂಚೆಂದು ಹೇಳಲು ಬರುತ್ತಿರಲಿಲ್ಲ. ಮುಂದಿನ ಸಾಲಿನ ಒಬ್ಬಳನ್ನು ಮಾತ್ರ ಗುರುತಿಸುತ್ತಿದ್ದಳು. ಎಲ್ಲರಿಗಿಂತ ಗಿಡ್ಡಗಿದ್ದು, ಎಲ್ಲರಿಗಿಂತ ಮೊದಲು ಕೈಯೆತ್ತುವ ಆ ಹುಡುಗಿಯನ್ನು ತರಗತಿಯೆಲ್ಲ ಮೆಣಸಿನಕಾಳು ಎಂದೇ ಕರೆಯುತ್ತಿತ್ತು. ಹಿಂದುಗಡೆ ದುರ್ಬೀನು ಮೇಡಂ ಆಗಲೇ ಕೂತಿದ್ದರು. ಪಕ್ಕದಲ್ಲಿ ಪಿಟೀಲು, ಜತೆಯವರ ಪಾಠವನ್ನು ಗಮನಿಸುವ ಸರದಿ ಇಂದು ಅವಳದಾದ್ದರಿಂದ.

ಪಾಠ ನೆರಳಿನದು. ಕಿಟಕಿಗಳನ್ನು ಮುಚ್ಚಿಸಿ, ಫೋನಿನ ದೀಪ ಹಚ್ಚಿ, ಚೆಂಡೊಂದನ್ನು ಅದರ ಮುಂದೆ ಹಿಡಿದು ಗೋಡೆಯ ಮೇಲೆ ನೆರಳು ಬೀಳಿಸಿದಳು. ಮಕ್ಕಳು ಹೋ ಎಂದರು. ಚೆಂಡು ದೀಪಕ್ಕೆ ಹತ್ತಿರ ಬಂದಂತೆ ನೆರಳು ರಾಕ್ಷಸನಾಯಿತು, ದೂರ ಹೋದಂತೆ ಇಲಿಮರಿಯಾಯಿತು. ಬೋಧನೆಯಲ್ಲಿ ತಂತ್ರಜ್ಞಾನವನ್ನು ಬಳಸಬೇಕೆಂದು ಪಠ್ಯದಲ್ಲೇ ಇರುವುದರಿಂದ ಫೋನು ಕೈಯಲ್ಲಿರುವುದು ತಪ್ಪೇನಲ್ಲ. ಅದು ಅವಳ ಕೈಯಲ್ಲಿ ಅಧಿಕಾರದಿಂದಲೇ ಇತ್ತು. ಕಿಟಕಿಗಳು ತೆರೆದವು, ದೀಪ ಆರಿತು, ಚೆಂಡು ಮೇಜಿನ ಮೇಲೆ ಹೋಗಿ ಕೂತಿತು. ಫೋನು ಮಾತ್ರ ಕೈಯಲ್ಲೇ ಉಳಿಯಿತು. ಪ್ರಶ್ನೆ ಕೇಳಿದ ಮೇಲೆ ಕೂಡಲೇ ಉತ್ತರ ಹೇಳಬಾರದು, ಮಗುವಿಗೆ ಯೋಚಿಸಲು ಬಿಡುವು ಕೊಡಬೇಕು, ಆ ಬಿಡುವಿನಲ್ಲಿ ಶಿಕ್ಷಕಿ ಸುಮ್ಮನೆ ಕಾಯಬೇಕು ಎಂದು ಅವರಿಗೆ ಕಲಿಸಿದ್ದರು. ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಪ್ರಶ್ನೆ ಕೇಳಿದಳು, ಕಾದಳು. ಆ ಬಿಡುವಿನಲ್ಲಿ, ಬಾವಿಗೆ ಇಳಿಬಿಟ್ಟ ಹಗ್ಗ ತಾನಾಗಿ ಕೆಳಗೆ ಹೋಗುವಂತೆ, ಅವಳ ನೋಟ ಅಂಗೈಗೆ ಇಳಿಯಿತು. ಮುಂದಿನ ಪ್ರಶ್ನೆ ಯಾವುದೆಂದು ನೋಡಿಕೊಂಡಳು, ಅಷ್ಟೆ. ಅಲ್ಲಿ ಗುಂಪಿನವರು ‘ಬದುಕಿದ್ದೀಯಾ?’ ಎಂದು ಕೇಳಿದ್ದರು, ತುಟಿಯಂಚು ಕೊಂಚ ಅರಳಿತು, ಅಷ್ಟೆ. ತಲೆ ಎತ್ತಿದಾಗ ಯಾರೋ ಉತ್ತರ ಹೇಳಿ ಮುಗಿಸಿದ್ದರು. “ಹ್ಞಾಂ, ಗುಡ್, ಕೂತ್ಕೋ,” ಎಂದಳು. ಎಲ್ಲವೂ ಸರಾಗವಾಗಿ ಸಾಗುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವಾಗ ಅದಕ್ಕೂ ಹೀಗೆಯೇ ಸರಾಗವೆನಿಸುತ್ತದೆಯೋ ಏನೋ.

ಕೊನೆಯ ಭಾಗಕ್ಕೆ ಅವಳು ಒಂದು ಉಪಾಯವನ್ನು ಇಟ್ಟುಕೊಂಡಿದ್ದಳು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಪಾಠದ ಸಾರವನ್ನು ತಾನು ಹೇಳುವ ಬದಲು ಒಂದು ಮಗುವನ್ನೇ ಟೀಚರನ್ನಾಗಿ ಮಾಡುವುದು. “ಈಗ ಯಾರು ಟೀಚರ್ ಆಗ್ತೀರಿ?” ಎಂದು ಕೇಳುವಷ್ಟರಲ್ಲಿ ಮೆಣಸಿನಕಾಳು ಬೆಂಚಿನಿಂದ ಸಿಡಿದು ಬಂದಾಗಿತ್ತು.

ಹುಡುಗಿ ಮೊದಲು ಗಂಟಲು ಸರಿಮಾಡಿಕೊಂಡಳು. ಮೇಜಿನ ಮೇಲೆ ಸುತ್ತ ನೋಡಿ, ಡಸ್ಟರನ್ನು ಎತ್ತಿಕೊಂಡು, ಎಡ ಅಂಗೈಯಲ್ಲಿ ಜೋಪಾನವಾಗಿ ಮಲಗಿಸಿಕೊಂಡಳು. “ಎಲ್ರೂ ಸುಮ್ನಿರಿ. ನೆರಳು ಬೀಳಬೇಕು ಅಂದ್ರೆ ಏನೇನು ಬೇಕು?” ಎಂದಳು. ಆಮೇಲೆ ತಲೆ ತಗ್ಗಿಸಿದಳು. ಹೆಬ್ಬೆರಳು ಡಸ್ಟರಿನ ಮೇಲೆ ಕೆಳಗಿನಿಂದ ಮೇಲಕ್ಕೆ ಆಡಿತು, ಮತ್ತೆ ಆಡಿತು, ನಿಂತಿತು. ಡಸ್ಟರನ್ನು ನೋಡಿ ಹುಡುಗಿ ಮುಗುಳ್ನಕ್ಕಳು. ಅದು ಮಗುವಿನ ನಗೆಯಾಗಿರಲಿಲ್ಲ. ತುಟಿಯ ಒಂದೇ ಅಂಚಿನಲ್ಲಿ ಅರಳಿ ಅಲ್ಲೇ ಆರಿಹೋಗುವ, ಎದುರಿಗಿರುವ ಯಾರಿಗೂ ಸಲ್ಲದ, ದೊಡ್ಡವರ ನಗೆ. ಒಬ್ಬ ಹುಡುಗ ಎದ್ದು “ಬೆಳಕು, ಆಮೇಲೆ ವಸ್ತು” ಎನ್ನುತ್ತಿರುವಂತೆಯೇ ಅವನತ್ತ ನೋಡದೆ, “ಹ್ಞಾಂ, ಗುಡ್, ಕೂತ್ಕೋ,” ಎಂದಳು.

ಯಾರೂ ನಗಲಿಲ್ಲ. ಅವಳಿಗೆ ನಾಟಿದ್ದು ಅದೇ. ಒಬ್ಬರಾದರೂ ಕಿಸಕ್ಕೆಂದಿದ್ದರೆ ಅದು ಅಣಕವಾಗುತ್ತಿತ್ತು, ತುಂಟತನವಾಗುತ್ತಿತ್ತು, ಗದರಿಸಿ ಕೂರಿಸಬಹುದಾಗಿತ್ತು. ಮಕ್ಕಳು ಗಂಭೀರವಾಗಿ ಕೈಯೆತ್ತುತ್ತಿದ್ದರು, ಏಳುತ್ತಿದ್ದರು, ಡಸ್ಟರು ನೋಡುವ ಟೀಚರಿನ ನೆತ್ತಿಗೆ ಉತ್ತರ ಹೇಳಿ ಕೂರುತ್ತಿದ್ದರು. ಮೆಣಸಿನಕಾಳು ಅವಳನ್ನು ಆಡಿಕೊಳ್ಳುತ್ತಿರಲಿಲ್ಲ. ಟೀಚರು ಎಂದರೆ ಹೀಗೆ ಎಂದು ಕಲಿತದ್ದನ್ನು, ಒಳ್ಳೆಯ ವಿದ್ಯಾರ್ಥಿನಿಯಂತೆ, ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಎನ್ನುತ್ತಾರೆ, ಅವಳಿಗೆ ಬೇಕಾಗಿತ್ತು. ಬಸ್ಸಿನಲ್ಲಿ ಕೇಳಿಸದೆ ಹೋದ ಮೌನವೊಂದು ಎಲ್ಲಿಂದಲೋ ಬಂದು ಈಗ ಕಿವಿಯಲ್ಲಿ ಕೇಳಿಸಿತು. ಅಮ್ಮ ಏನೋ ಹೇಳಿದ್ದಳು, ಮೆಲ್ಲಗೆ. ನಾನು ಒಳ್ಳೇದಾಯ್ತು ಎಂದೆ. ಏನು ಹೇಳಿದಳು? ನೆನಪಿನ ಆ ಜಾಗದಲ್ಲಿ ಒಂದು ಬೆಕ್ಕಿನ ಚಿತ್ರವಿತ್ತು, ಅಮ್ಮನ ಮಾತು ಇರಲಿಲ್ಲ. ಹಿಂದಿನ ಬೆಂಚನ್ನು ನೋಡುವ ಧೈರ್ಯ ಬರಲಿಲ್ಲ; ನೋಡದಿದ್ದರೂ ಅಲ್ಲಿ ಕನ್ನಡಕ ಮೂಗಿಗೇರಿದ್ದು ಮೈಗೆ ತಾಕಿದಂತೆ ತಿಳಿಯಿತು. ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು. ಥ್ಯಾಂಕ್ಯೂ ಪುಟ್ಟಿ, ಹೋಗಿ ಕೂತ್ಕೋ ಎಂದುಬಿಟ್ಟರೆ ಪಾಠ ಮುಗಿಯುತ್ತದೆ. ಹಾವೂ ಸಾಯದು, ಕೋಲೂ ಮುರಿಯದು. ಆ ಮಾತು ತುಟಿಯವರೆಗೂ ಬಂತು.

ಆದರೆ ಅವಳು ಫೋನನ್ನು ಮೇಜಿನ ಮೇಲೆ, ಚೆಂಡಿನ ಪಕ್ಕದಲ್ಲಿ, ಮುಖ ಕೆಳಗಾಗಿ ಇಟ್ಟಳು. ಇಟ್ಟ ಮೇಲೂ ಅಂಗೈ ಅದರ ತೂಕವನ್ನು ಹೊತ್ತೇ ಇತ್ತು. ನಡೆದು ಹೋಗಿ ಮೆಣಸಿನಕಾಳಿನ ಖಾಲಿ ಜಾಗದಲ್ಲಿ ಕೂತಳು. ಬೆಂಚು ತೀರ ತಗ್ಗು. ಮೊಣಕಾಲು ಎದೆಗೆ ಬಂತು. ಪಕ್ಕದ ಹುಡುಗ ಗಾಬರಿಯಿಂದ ಗೋಡೆಗೆ ಒತ್ತಿಕೊಂಡು ಜಾಗ ಬಿಟ್ಟ. ಅವಳು ಕೈಯೆತ್ತಿದಳು.

“ಹೇಳು,” ಎಂದಳು ಪುಟ್ಟ ಟೀಚರ್, ಡಸ್ಟರಿನಲ್ಲೇ ಮುಳುಗಿ.

“ಮಿಸ್, ಬೆಳಿಗ್ಗೆ ನೆರಳು ಉದ್ದ ಇರುತ್ತೆ, ಯಾಕಂದ್ರೆ…”

“ಹ್ಞಾಂ, ಗುಡ್.”

“ಮಿಸ್, ನಾನಿನ್ನೂ ಹೇಳಿ ಮುಗಿಸಿಲ್ಲ.”

ಎತ್ತಿದ ಕೈ ಎಷ್ಟು ಬೇಗ ನೋಯುತ್ತದೆ! ತಾನು ಹೇಳುತ್ತಿರುವುದು ಯಾರಿಗೂ ಬೇಡ ಎಂದು ಗೊತ್ತಾದಾಗ ಗಂಟಲಲ್ಲಿ ಮಾತು ಹೇಗೆ ಒಣಗುತ್ತದೆ! ಇಷ್ಟು ದಿನ ಈ ಕೋಣೆಯಲ್ಲಿ ಎಷ್ಟು ಪುಟ್ಟ ಗಂಟಲುಗಳು ಹೀಗೆ ಒಣಗಿ, ಗುಡ್ ಎನಿಸಿಕೊಂಡು, ಕೂತಿದ್ದವು! “ಮಿಸ್,” ಎಂದಳು ಮತ್ತೊಮ್ಮೆ. ದನಿ ಅವಳಿಗೇ ಅಪರಿಚಿತವಾಗಿತ್ತು. “ನನ್ನ ನೋಡಿ ಮಿಸ್. ನಾನು ನಿಮಗೇ ಹೇಳ್ತಾ ಇರೋದು.”

ಮೆಣಸಿನಕಾಳು ತಲೆಯೆತ್ತಿದಳು. ಡಸ್ಟರನ್ನೊಮ್ಮೆ, ಬೆಂಚಿನಲ್ಲಿ ಮುದುಡಿ ಕೂತ ಟೀಚರನ್ನೊಮ್ಮೆ ನೋಡಿ, ಇಂಥ ಸಂದರ್ಭಕ್ಕೆ ಪಾಠದಲ್ಲಿ ಏನೂ ಇಲ್ಲವೆಂದು ಕಂಡು, ತಾನೇ ಒಂದನ್ನು ಹುಟ್ಟಿಸಿದಳು. “ಒಂದು ನಿಮಿಷ ತಾಳು, ಮನೆಯಿಂದ ಮೆಸೇಜು ಬಂದಿತ್ತು,” ಎಂದಳು. ಹಿಂದಿನ ಬೆಂಚಿನಲ್ಲಿ ಪಿಟೀಲು ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ತಿಳಿಯಿತು. ಮಕ್ಕಳು ಈಗ ನಕ್ಕರು. ಅವಳೂ ನಕ್ಕಳು. ನಗು ಬಂದದ್ದು ಅಳುವಿನ ದಾರಿಯಿಂದಲೇ. ಹುಡುಗಿ ಡಸ್ಟರನ್ನು ಮೇಜಿನ ಮೇಲೆ, ಫೋನಿನ ಪಕ್ಕಕ್ಕೆ ಸರಿಯಾಗಿ ಇಟ್ಟು, ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಳು. ಆಮೇಲೆ ಅವಳ ಮುಖವನ್ನು ನೇರವಾಗಿ ನೋಡಿ, “ಈಗ ಹೇಳು,” ಎಂದಳು.

ಆ ಎರಡು ಕಣ್ಣುಗಳಲ್ಲಿ ಅವಸರವಿರಲಿಲ್ಲ. ಉತ್ತರ ಬರುತ್ತದೆ, ಬರುವವರೆಗೂ ನಾನು ಇಲ್ಲಿರುತ್ತೇನೆ ಎನ್ನುವಂತಿತ್ತು. ತನ್ನನ್ನು ಕೊನೆಯ ಬಾರಿಗೆ ಹೀಗೆ ನೋಡಿದವರು ಯಾರು, ಎಂದು ಯೋಚಿಸಿದಳು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಭುಜದ ಹೊಲಿಗೆ ಕೂತಿದೆಯೇ ಎಂದು ನೋಡುವ ಅಮ್ಮ. ಅವಳು ಉದ್ದ ನೆರಳಿನ ಉತ್ತರವನ್ನು ಪೂರ್ತಿ ಹೇಳಿದಳು. ಮೆಣಸಿನಕಾಳು ಪೂರ್ತಿ ಕೇಳಿದಳು. “ಸರಿ. ಇನ್ನೊಂದು ಕೇಳ್ತೀನಿ. ಕತ್ತಲು ಯಾರ ನೆರಳು?”

ಈ ಪ್ರಶ್ನೆ ಅವಳ ಯೋಜನೆಯಲ್ಲಿರಲಿಲ್ಲ. “ಗೊತ್ತಿಲ್ಲ ಮಿಸ್,” ಎಂದಳು.

“ಭೂಮಿದು. ಸೂರ್ಯನ ಕಡೆ ಬೆನ್ನು ಹಾಕಿದಾಗ ನಾವು ಭೂಮಿ ನೆರಳಲ್ಲೇ ಇರ್ತೀವಲ್ಲ, ಅದೇ ರಾತ್ರಿ.” ಹುಡುಗಿ ಟೀಚರಿನ ದನಿಯನ್ನು ಬಿಟ್ಟು ತನ್ನ ದನಿಗೆ ಇಳಿದಳು. “ಮೊನ್ನೆ ನಾನು ಹೇಳಿದ್ನಲ್ಲ ಮಿಸ್. ನೀವು ಗುಡ್ ಅಂದ್ರಿ.”

ದೂರಿನ ಎಳೆಯೂ ಅದರಲ್ಲಿರಲಿಲ್ಲ. ಗುಡ್ ಅಂದಿರಿ ಎಂಬುದನ್ನು ಹುಡುಗಿ ಸಂತೋಷದಿಂದಲೇ ನೆನಪಿಟ್ಟುಕೊಂಡಿದ್ದಳು. ಕೇಳಿಸಿಕೊಳ್ಳದೆ ಎಸೆದ ಆ ಎರಡಕ್ಷರವನ್ನು ಮಗು ಬಂಗಾರವೆಂದು ಕಟ್ಟಿಟ್ಟುಕೊಂಡಿತ್ತು. ಅವಳು ಬೆಂಚಿನಿಂದ ಎದ್ದಳು. “ಅವತ್ತು ನಾನು ಕೇಳಿಸ್ಕೊಂಡಿರ್ಲಿಲ್ಲ,” ಎಂದಳು, ಇಡೀ ತರಗತಿಗೆ ಕೇಳುವಂತೆ. “ಇವತ್ತು ಕೇಳಿಸ್ಕೊಂಡೆ. ಎಲ್ರಿಗೂ ತೋರಿಸ್ತೀಯಾ?” ಮೆಣಸಿನಕಾಳು ಚೆಂಡನ್ನು ಎತ್ತಿಕೊಂಡು ಕಿಟಕಿಗೆ ಓಡಿದಳು. ಫೋನಿನ ದೀಪ ಯಾರಿಗೂ ಬೇಕಾಗಲಿಲ್ಲ. ಹೊರಗೆ ದೊಡ್ಡ ದೀಪವೇ ಉರಿಯುತ್ತಿತ್ತು. ಬಿಸಿಲಿನಲ್ಲಿ ಚೆಂಡಿನ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಗ್ಗುಲು ಕಪ್ಪಾಯಿತು. ಹುಡುಗಿ ಸುಣ್ಣದ ಕಡ್ಡಿಯಿಂದ ಒಂದು ಚುಕ್ಕೆ ಇಟ್ಟು, “ಇದು ನಮ್ಮ ಶಾಲೆ,” ಎಂದು ಚೆಂಡನ್ನು ಮೆಲ್ಲಗೆ ತಿರುಗಿಸಿದಳು. ಶಾಲೆ ಬಿಸಿಲಿನಿಂದ ಅಂಚಿಗೆ ಬಂತು, ಅಂಚಿನಿಂದ ಕಪ್ಪಿಗೆ ಜಾರಿತು. “ಎಲ್ರೂ ಮಲಕ್ಕೊಳ್ಳಿ,” ಎಂದಳು. ಮಕ್ಕಳೆಲ್ಲ ಕಿಟಕಿಯ ಸುತ್ತ ಒಬ್ಬರ ಮೇಲೊಬ್ಬರು ಬಿದ್ದು ಗೊರಕೆ ಹೊಡೆದರು. ಅವಳು ಆ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತಳು. ಗೋಡೆಗೆ ಒತ್ತಿಕೊಂಡಿದ್ದ ಹುಡುಗನ ಗಲ್ಲದಲ್ಲಿ ಮಸಿಯ ಗುರುತಿತ್ತು. ಕಣ್ಣು ಮುಚ್ಚಿಕೊಂಡವರ ರೆಪ್ಪೆಗಳು ನಡುಗುತ್ತಿದ್ದವು. ಮೇಜಿನ ಮೇಲೆ ಫೋನು ಒಮ್ಮೆ ಗುರ್ರೆಂದಿತು. ಕೈ ಹೊರಟಿತು, ಅರ್ಧ ದಾರಿಯಿಂದ ಹಿಂದಕ್ಕೆ ಬಂತು.

ಗಂಟೆ ಬಾರಿಸಿದ ಮೇಲೆ ಮೊಗಸಾಲೆಯಲ್ಲಿ ದುರ್ಬೀನು ಮೇಡಂ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ನಿಂತಿದ್ದರು. “ಮೊನ್ನೆ ಒಂದು ಪ್ರಶ್ನೆ ಕೇಳಿದ್ದೆ.”

“ಉತ್ತರ ಸಿಕ್ತು ಮೇಡಂ.”

“ಯಾರು ಕೊಟ್ರು?”

“ಮೆಣಸಿನಕಾಳು.”

“ಹಾಗಾದ್ರೆ ಅಂಕ ಅವಳಿಗೇ ಹೋಗ್ಬೇಕು.” ಮೇಡಂ ನಗಲಿಲ್ಲ, ಕನ್ನಡಕದ ಗಾಜನ್ನು ಬೆಳಕಿಗೆ ಹಿಡಿದು ನೋಡಿದರು. “ಮೊದಲರ್ಧಕ್ಕೆ ಏನೂ ಕೊಡೋ ಹಾಗಿರ್ಲಿಲ್ಲಮ್ಮ. ಮುಂದಿನ ವರ್ಷ ಅಂತಲೇ ಬರೆಯೋಕೆ ಕೂತಿದ್ದೆ. ಅಷ್ಟರಲ್ಲಿ ನೀವು ಹೋಗಿ ಬೆಂಚಿನ ಮೇಲೆ ಕೂತ್ರಿ.” ಕನ್ನಡಕ ಏರಿಸಿಕೊಂಡು ಹೇಳಿದರು, “ಸೋಮವಾರ ಇದೇ ಮಕ್ಕಳಿಗೆ ಮುಂದಿನ ಪಾಠ ಮಾಡಿ, ಪರೀಕ್ಷೆಗೆ ಅಂತಲ್ಲ. ನಾನು ನೋಡೋಕೆ ಬರೋದಿಲ್ಲ. ನಿಮ್ಮನ್ನ ಮತ್ತೊಂದು ವರ್ಷ ನೋಡೋ ಅಗತ್ಯ ನನಗಿಲ್ಲ.”

ಅವಳು ಬಗ್ಗಿ ನಮಸ್ಕರಿಸುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು. ಪಿಟೀಲು ಬಂದು ಹೆಗಲ ಮೇಲೆ ಕೈಹಾಕಿ, “ಪಾಸಾದ್ಯಲ್ಲೇ! ಹಾಕೇ ಗುಂಪಿಗೆ, ಎಲ್ರೂ ಕಾಯ್ತಾ ಇದಾರೆ,” ಎಂದಳು. “ನೀನೇ ಹಾಕು,” ಎಂದಳು ಅವಳು. “ನನಗೊಂದು ಕರೆ ಮಾಡೋದಿದೆ.”

ಆಟದ ಬಯಲಿನ ಅಂಚಿನ ಮರದಡಿ ಒಂದು ಕಲ್ಲುಹಾಸಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದಳು, ಪರದೆ ಕಾಣದ ಹಾಗೆ. ಬೆಳಿಗ್ಗೆ ತನ್ನನ್ನು ಅಮ್ಮನಿಂದ ಕದ್ದದ್ದೂ ಇದೇ, ಈಗ ಊರಾಚೆಯ ಅಮ್ಮನನ್ನು ಕಿವಿಯ ಬಳಿಗೆ ತಂದು ಕೂರಿಸುವುದೂ ಇದೇ. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. “ಪಾಸಮ್ಮಾ,” ಎಂದಳು. ಅಮ್ಮ “ಅಬ್ಬ!” ಎಂದಳು, ಆಮೇಲೆ ಮೂಗೆಳೆದ ಸದ್ದಾಯಿತು. “ಅಮ್ಮ, ಬೆಳಿಗ್ಗೆ ಏನೋ ಹೇಳಿದ್ಯಲ್ಲ. ನನ್ನ ಗಮನ ಎಲ್ಲೋ ಇತ್ತು, ಕೇಳಿಸ್ಕೊಳ್ಳಲಿಲ್ಲ. ಇನ್ನೊಂದ್ಸಲ ಹೇಳು.”

“ಅದಾ?” ಅಮ್ಮ ನಕ್ಕಳು. “ಈಚೆಗೆ ಸೂಜಿ ಕಣ್ಣೇ ಕಾಣ್ಸಲ್ಲ ಕಣೇ, ದಾರ ಪೋಣಿಸೋಷ್ಟರಲ್ಲಿ ಸಾಕಾಗುತ್ತೆ ಅಂದೆ. ನೀನು ಒಳ್ಳೇದಾಯ್ತು ಬಿಡಮ್ಮ ಅಂದೆ. ಓದಿದ ಮಗಳು, ಏನೋ ಯೋಚಿಸಿಯೇ ಅಂದಿರ್ತಾಳೆ ಅಂದ್ಕೊಂಡೆ.”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮನ ಬಾಯಲ್ಲಿ ಅದು ತಮಾಷೆಯಾಗಿ ಬಂದದ್ದಕ್ಕೆ, ಇನ್ನೊಂದು ಸಲ ಹೇಳಲು ಅಮ್ಮ ಇದ್ದುದಕ್ಕೆ, ಯಾರಿಗೆ ಕೈಮುಗಿಯಬೇಕೋ ಗೊತ್ತಾಗದೆ ಎದುರಿನ ಬಯಲಿಗೇ ತಲೆ ಬಾಗಿಸಿದಳು. “ಶನಿವಾರ ಬರ್ತೀನಿ. ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ.”

“ಬಾ, ಬಾ. ಈಗ ಇಡು. ಪಕ್ಕದ ಮನೆಯವಳ ಅಂಗಿ ಸಂಜೆಗೆ ಕೊಡ್ಬೇಕು, ದಾರ ಬೇರೆ ಕಿತ್ತು ಹೋಗಿದೆ. ಪೋಣಿಸ್ಬೇಕು.”

“ಪೋಣಿಸಮ್ಮ. ನಾನು ಇರ್ತೀನಿ.”

“ಹೊತ್ತಾಗುತ್ತೆ ಕಣೇ.”

“ಆಗ್ಲಿ.”

ಅಮ್ಮ ಫೋನನ್ನು ಯಂತ್ರದ ಹಲಗೆಯ ಮೇಲೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡ ಸದ್ದು. ಉಸಿರು ಬಿಗಿಹಿಡಿದದ್ದು. ತಪ್ಪಿತು, ಅಮ್ಮ ದಾರಕ್ಕೆ ಏನೋ ಬೈದಳು. ಮತ್ತೆ ಉಸಿರು ಬಿಗಿಯಾಯಿತು. ಬಯಲಿನಲ್ಲಿ ಮಕ್ಕಳು ಒಬ್ಬರ ನೆರಳನ್ನೊಬ್ಬರು ತುಳಿಯುವ ಹೊಸ ಆಟವೊಂದನ್ನು ಹುಟ್ಟುಹಾಕಿಕೊಂಡು ಓಡುತ್ತಿದ್ದರು; ಮೆಣಸಿನಕಾಳಿನ ನೆರಳು ಅವಳಿಗಿಂತ ಗಿಡ್ಡವಾಗಿ ಕಾಲಿಗಂಟಿಕೊಂಡು ಯಾರಿಗೂ ಸಿಗುತ್ತಿರಲಿಲ್ಲ. ಅವಳು ಕಾದಳು. ಬಲಗೈ ಫೋನನ್ನು ಹಿಡಿದಿತ್ತು, ಎಡಗೈ ಮಡಿಲಲ್ಲಿ ಖಾಲಿಯಾಗಿ, ಅಂಗೈ ಮೇಲಾಗಿ ಬಿದ್ದಿತ್ತು. ಎಲೆಗಳ ಸಂದಿಯಿಂದ ಒಂದು ಬಿಸಿಲಿನ ಚೂರು ಬಂದು ಅದರಲ್ಲಿ ಕೂತಿತ್ತು.

“ಹೋಯ್ತು!” ಎಂದಳು ಅಮ್ಮ, ಗೆದ್ದವಳಂತೆ. ಮಗಳು ಇನ್ನೂ ಅಲ್ಲೇ ಇದ್ದಾಳೆಂಬುದನ್ನು ಮರೆತು ಕಾಲನ್ನು ಪೆಡಲಿನ ಮೇಲೆ ಇಟ್ಟಿರಬೇಕು, ಯಂತ್ರ ಮೆಲ್ಲಗೆ ಹೊರಟು, ವೇಗ ಹಿಡಿದು, ಉದ್ದನೆಯ ನೇರ ಹೊಲಿಗೆಯೊಂದನ್ನು ಹೊಲಿಯತೊಡಗಿತು. ಅವಳು ಅದನ್ನು ಕೊನೆಯವರೆಗೂ ಕೇಳಿಸಿಕೊಂಡಳು.